ಹೇಸರಗತ್ತೆ ಎಳೆಯುವ ದೋಣಿ: ಪಕ್ಕದಲ್ಲೇ ಹೊಳೆ ಇರುವಾಗ ಕಾಲುವೆ ಎಂತಕ್ಕೆ?

ಬೋಳಾರದವ:
ಅಮೆರಿಕದ ಮೇರಿಲ್ಯಾಂಡಿನಲ್ಲಿರುವ ಅಕ್ಕನ ಮಗಳು ಒಂದು ಹಳೇ ಫೋಟೋ ಕಳಿಸಿದ್ದಾಳೆ. ಕಾಲುವೆಯಲ್ಲಿ ಉದ್ದದ ದೋಣಿ, ದಡದಲ್ಲಿ ಎರಡು ಹೇಸರಗತ್ತೆ, ನಡುವೆ ಹಗ್ಗ. ಚೆಸಪೀಕ್ ಅಂಡ್ ಒಹಾಯೊ ಕಾಲುವೆಯಂತೆ. ಒಂದೊಂದು ದೋಣಿಯಲ್ಲಿ ಸುಮಾರು 120 ಟನ್ ಕಲ್ಲಿದ್ದಲು ಬರುತ್ತಿತ್ತಂತೆ. ಎರಡು ಪ್ರಾಣಿ ಅಷ್ಟು ಭಾರ ಎಳೆಯುವುದು ಹೇಗೆ? ಇನ್ನೊಂದು ವಿಚಿತ್ರ ಏನೆಂದರೆ ಪಕ್ಕದಲ್ಲೇ ಪೊಟೊಮ್ಯಾಕ್ ಹೊಳೆ ಉಂಟು. ನಮ್ಮಜ್ಜ ನೇತ್ರಾವತಿಯಲ್ಲಿ ಹಂಚಿನ ಕಾರ್ಖಾನೆಗೆ ಆವೆಮಣ್ಣಿನ ದೋಣಿ ನಡೆಸಿದವರು. ಹೊಳೆ ಬಿಟ್ಟು ಕಾಲುವೆ ತೋಡಿದವರನ್ನು ಕಂಡಿದ್ದರೆ ಸುಮ್ನೆ ಬಿಡುತ್ತಿರಲಿಲ್ಲ.

ಹೆಬ್ರಿ ಕಡೆಯವ:
ಮಗನ ಮನೆಗೆ ಹೋದಾಗ ಗ್ರೇಟ್ ಫಾಲ್ಸ್ ಎಂಬಲ್ಲಿ ಈ ಕಾಲುವೆ ನೋಡಿದ್ದೇನೆ. ಜಾಗದ ಹೆಸರಲ್ಲೇ ನಿಮಗೆ ಉತ್ತರ ಉಂಟು ಮಾರಾಯ್ರೆ. ಹೊಳೆ ಅಲ್ಲಿ ಬಂಡೆಗಳ ಮಧ್ಯೆ ನುಗ್ಗಿ ಬೀಳುತ್ತದೆ. ದೋಣಿ ಇಳಿಸಿದರೆ ಸೌದೆಗೂ ಸಿಗುವುದಿಲ್ಲ. ನಿಮ್ಮಜ್ಜನಿಗೆ ಉಬ್ಬರ ಇಳಿತ ಅರ್ಧ ಕೆಲಸ ಮಾಡಿಕೊಡುತ್ತಿತ್ತು. ಕಲ್ಲಿದ್ದಲು ಬರುತ್ತಿದ್ದ ಕಂಬರ್‌ಲ್ಯಾಂಡ್ ಇರುವುದು ಗುಡ್ಡದ ಸೀಮೆಯಲ್ಲಿ.

ಭಾರದ ಮಾತು. ಮರಳ ಮೇಲಿನ ದೋಣಿ ನೂಕಲು ಹತ್ತು ಜನ ಬೇಕು, ನೀರಿಗೆ ಇಳಿದ ಮೇಲೆ ಒಬ್ಬ ಹುಡುಗ ಸಾಕು, ಅಲ್ವಾ? ಕಾಲುವೆಯಲ್ಲಿ ಸೆಳೆತ ಇಲ್ಲವೆನ್ನುವಷ್ಟು ಕಡಿಮೆ. ಹೊರಡುವಾಗ ಮಾತ್ರ ಜಗ್ಗಬೇಕು, ಆಮೇಲೆ ನಡಿಗೆಯ ವೇಗದಲ್ಲಿ ಜಾರುತ್ತದೆ. ಹಗ್ಗ ಉದ್ದ ಇರುವುದರಿಂದ ದಡದ ಕಡೆ ಎಳೆತ ಕಡಿಮೆ. ಉಳಿದದ್ದನ್ನು ಚುಕ್ಕಾಣಿ ಹಿಡಿದವ ನೋಡಿಕೊಳ್ಳುತ್ತಾನೆ.

ನನಗೆ ಖುಷಿ ಕೊಟ್ಟದ್ದು ಲಾಕ್, ಅಂದರೆ ನೀರು ತುಂಬಿಸಿ ಇಲ್ಲವೇ ಇಳಿಸಿ ದೋಣಿಯನ್ನು ಮೇಲೆ ಕೆಳಗೆ ಮಾಡುವ ತೊಟ್ಟಿ. ಕಾಲುವೆ ಒಟ್ಟು 184.5 ಮೈಲಿ, ಮಂಗಳೂರಿನಿಂದ ಕಾರವಾರಕ್ಕೆ ಇರುವ ದೂರಕ್ಕಿಂತಲೂ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ 605 ಅಡಿ ಏರು. ಅದನ್ನು 74 ಲಾಕ್‌ಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿದ್ದಾರೆ. ಒಂದೊಂದಕ್ಕೆ ಹೆಚ್ಚು ಕಡಿಮೆ 8 ಅಡಿ. ಕಲ್ಲಿನ ತೊಟ್ಟಿ, ಎರಡೂ ತುದಿಗೆ ಮರದ ಬಾಗಿಲು. ತೊಟ್ಟಿಯ ಅಗಲ 15 ಅಡಿ, ದೋಣಿಯ ಅಗಲ ಹದಿನಾಲ್ಕೂವರೆ. ಎರಡೂ ಕಡೆ ಉಳಿಯುವುದು ಮೂರು ಮೂರು ಇಂಚು! ಗೋಡೆಗೆ ತಾಗಿಸದೆ ಒಳಗೆ ತಂದವನೇ ದೋಣಿಯವ.

ನಮ್ಮ ತೋಟದ ಕೆಳಗೆ ಕಿಂಡಿ ಅಣೆಕಟ್ಟು ಉಂಟು. ಚಿಕ್ಕವನಿದ್ದಾಗ ಹಲಗೆ ತೆಗೆಯಲು ಹೋಗಿ ಬೆರಳು ಜಜ್ಜಿಕೊಂಡಿದ್ದೇನೆ. ಒಂದೇ ಕಡೆ ನೀರು ತುಂಬಿದ್ದರೆ ಹಲಗೆ ಮಿಸುಕುವುದಿಲ್ಲ. ಎರಡೂ ಕಡೆ ಸಮ ಆದರೆ ಸಲೀಸು. ಲಾಕಿನ ಬಾಗಿಲೂ ಹಾಗೆಯೇ. ಜೋಡಿ ಬಾಗಿಲು ಮುಚ್ಚಿದಾಗ ನೀರು ಬರುವ ದಿಕ್ಕಿಗೆ ಮೂಗು ಚಾಚಿ ನಿಲ್ಲುತ್ತದೆ, ನೀರೇ ಒತ್ತಿ ಬಿಗಿ ಮಾಡುತ್ತದೆ. ಬಾಗಿಲಲ್ಲೇ ಇರುವ ಸಣ್ಣ ಕಿಂಡಿ ತೆರೆದು ಮಟ್ಟ ಸಮ ಆಗುವ ತನಕ ಕಾಯಬೇಕು. ಆಮೇಲೆ ಉದ್ದದ ಮರದ ತೊಲೆಗೆ ಬೆನ್ನು ಕೊಟ್ಟು ನೂಕಿದರೆ ತೆರೆದುಕೊಳ್ಳುತ್ತದೆ. ಪಂಪು ಇಲ್ಲ, ಇಂಜಿನ್ ಇಲ್ಲ.

ಮಲ್ಪೆ ಮಾವ:
ಪಾಪ, ಹೆಣಗಿದ್ದು ಎಷ್ಟು ನೋಡಿ. ಕಾಲುವೆಯ ಕೆಲಸ ಶುರುವಾದದ್ದು 1828ರ ಜುಲೈ 4ಕ್ಕೆ. ಅದೇ ದಿನ ಬಾಲ್ಟಿಮೋರ್ ಅಂಡ್ ಒಹಾಯೊ ರೈಲ್ವೆಗೂ ಅಡಿಗಲ್ಲು. ಕಂಬರ್‌ಲ್ಯಾಂಡಿಗೆ ರೈಲು 1842ರಲ್ಲಿ ಬಂತು, ಕಾಲುವೆ 1850ರಲ್ಲಿ. 1889ರ ನೆರೆಯಲ್ಲಿ ಹಾಳಾಗಿ ಕೊನೆಗೆ ರೈಲ್ವೆಯವರ ಕೈಗೇ ಹೋಯಿತು. 1924ರ ನೆರೆಯ ನಂತರ ಮುಚ್ಚಿಯೇ ಬಿಟ್ಟರು. ಹೆಸರಲ್ಲಿ ಒಹಾಯೊ ಉಂಟು, ಒಹಾಯೊ ಹೊಳೆ ಮುಟ್ಟಲೇ ಇಲ್ಲ.

ಬೋಳಾರದವ:
ಇಬ್ಬರಿಗೂ ಥ್ಯಾಂಕ್ಸ್. ಒಂದು ಮಾತ್ರ ತಲೆಗೆ ಹತ್ತಲಿಲ್ಲ. ದಡದ ದಾರಿ ಒಂದೇ. ಎದುರಿನಿಂದ ಇನ್ನೊಂದು ದೋಣಿ ಬಂದರೆ ಹಗ್ಗಕ್ಕೆ ಹಗ್ಗ ಸುತ್ತಿಕೊಳ್ಳುವುದಿಲ್ವಾ?

ಹೆಬ್ರಿ ಕಡೆಯವ:
ದಾರಿ ಬಿಡುವವ ತನ್ನ ಹೇಸರಗತ್ತೆ ನಿಲ್ಲಿಸುತ್ತಾನೆ. ಹಗ್ಗ ಸಡಿಲವಾಗಿ ತಳಕ್ಕೆ ಮುಳುಗುತ್ತದೆ. ಎದುರಿನ ದೋಣಿ ಅದರ ಮೇಲೆಯೇ ತೇಲಿಹೋಗುತ್ತದೆ, ಆ ಕಡೆಯ ಪ್ರಾಣಿಗಳು ದಡದಲ್ಲಿ ಬಿದ್ದ ಹಗ್ಗವನ್ನು ದಾಟಿ ನಡೆಯುತ್ತವೆ. ಕಲ್ಲಿದ್ದಲು ತುಂಬಿದವನಿಗೆ ಮೊದಲ ದಾರಿ, ಖಾಲಿ ದೋಣಿಯವ ಕಾಯಬೇಕು. ಎಳೆಯುವ ಪಾಳಿ ಸುಮಾರು ಆರು ಗಂಟೆಯದ್ದು. ಅಷ್ಟು ಹೊತ್ತು ಇನ್ನೊಂದು ಜೋಡಿ ದೋಣಿಯ ಮುಂಭಾಗದ ಲಾಯದಲ್ಲಿ ಹುಲ್ಲು ತಿನ್ನುತ್ತಾ ಪುಕ್ಕಟೆ ಪ್ರಯಾಣ ಮಾಡುತ್ತಿತ್ತು.