ಪದಚರ್ಚೆ: "ಅಪ್ರೂವ್ಡ್ ಎಜುಕೇಶನ್" ಎಂಬುದನ್ನು "ಲೆಕ್ಕಕ್ಕೆ ಬರುವ ಓದು" ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನಲ್ಲಿರುವ ಕನ್ನಡದ ಮನೆಗಳಿಗಾಗಿ ಒಂದು ಮಾಹಿತಿ ಹಾಳೆ ಬರೆಯುತ್ತಿದ್ದೇನೆ. 16 ದಾಟಿದ ಮಗನೋ ಮಗಳೋ ಇನ್ನೂ ಓದುತ್ತಿದ್ದರೆ, ಸರ್ಕಾರ ತಂದೆತಾಯಿಗೆ ಕೊಡುವ ಮಕ್ಕಳ ಹಣ (ಚೈಲ್ಡ್ ಬೆನಿಫಿಟ್) ಎಲ್ಲಿಯವರೆಗೆ ಬರುತ್ತದೆ ಅನ್ನೋದು ವಿಷಯ. ನಿಯಮ ಅರ್ಥವಾಗಿದೆ. ಕನ್ನಡದಲ್ಲಿ ಹೇಳಹೊರಟರೆ ಮೂರ್ನಾಲ್ಕು ಪದಗಳು ಕಾಲಿಗೆ ತೊಡರುತ್ತಿವೆ.

ಮೊದಲು "ಅಪ್ರೂವ್ಡ್ ಎಜುಕೇಶನ್", ಅಂದರೆ ಈ ಹಣ ಮುಂದುವರಿಯಲು ನಿಯಮ ಒಪ್ಪುವ ಓದು. ಹಿಂದಿನ ಕರಡಿನಲ್ಲಿ "ಮಾನ್ಯತೆ ಪಡೆದ ಶಿಕ್ಷಣ" ಎಂದಿತ್ತು. ಅದನ್ನು ಓದಿದ ತಾಯಿಯೊಬ್ಬರು, "ನನ್ನ ಮಗ ಯೂನಿವರ್ಸಿಟಿ ಸೇರಿದಾನೆ, ಅದಕ್ಕೆ ಮಾನ್ಯತೆ ಇದೆಯಲ್ಲ, ಮತ್ಯಾಕೆ ದುಡ್ಡು ನಿಂತಿತು?" ಅಂತ ಕೇಳಿದರು. ಅವರ ಪ್ರಶ್ನೆ ನ್ಯಾಯವಾಗಿದೆ. ನಮ್ಮಲ್ಲಿ ಮಾನ್ಯತೆ ಅಂದರೆ ಕಾಲೇಜಿಗೆ ಸಿಗುವಂಥದ್ದು. ಬ್ರಿಟನ್ನಿನ ಈ ನಿಯಮದಲ್ಲಿ ಕಾಲೇಜು ಎಷ್ಟು ದೊಡ್ಡದು ಅಂತ ಯಾರೂ ನೋಡುವುದಿಲ್ಲ, ಓದು ಯಾವ ಮಟ್ಟದ್ದು ಅಂತ ನೋಡುತ್ತಾರೆ. ಡಿಗ್ರಿಗೆ ಮೊದಲಿನ ಎ ಲೆವೆಲ್, ಟಿ ಲೆವೆಲ್, ಸ್ಕಾಟ್ಲೆಂಡಿನ ಹೈಯರ್ಸ್, ಕಸುಬಿನ ಕಲಿಕೆಯಾದ ಲೆವೆಲ್ 3ರವರೆಗಿನ ಎನ್‌ವಿಕ್ಯೂ ಇವೆಲ್ಲ ಸೇರುತ್ತವೆ. ಡಿಗ್ರಿ ಸೇರುವುದಿಲ್ಲ, ಅದು ಆಕ್ಸ್‌ಫರ್ಡಿನದ್ದಾದರೂ ಸರಿ. ಮನೆಯಲ್ಲೇ ಕಲಿಯುವ ಹುಡುಗಿಗೂ ಉಂಟು, ಆದರೆ ಆ ಕಲಿಕೆ ಸಾಮಾನ್ಯವಾಗಿ 16 ತುಂಬುವ ಮೊದಲೇ ಶುರುವಾಗಿರಬೇಕು. ಮನೆಯಲ್ಲಿನ ಕಲಿಕೆಗೆ "ಮಾನ್ಯತೆ" ಅಂತ ಹೇಗೆ ಬರೆಯೋದು? ಅದಕ್ಕೇ ನನಗೆ "ಲೆಕ್ಕಕ್ಕೆ ಬರುವ ಓದು" ಹಿಡಿಸಿದೆ. ಬಾಯಿಮಾತಿನ ಹಾಗಿದೆ, ಆದರೆ ಓದಿದವರಿಗೆ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ: ಯಾವುದು ಲೆಕ್ಕಕ್ಕೆ ಬರುತ್ತೆ, ಯಾವುದು ಬರಲ್ಲ? ನನಗೆ ಬೇಕಾದದ್ದು ಅದೇ.

ಇದರ ಜೊತೆಗೇ ಬರುವ "ನಾನ್ ಅಡ್ವಾನ್ಸ್ಡ್" ಎಂಬುದಕ್ಕೆ ನಮ್ಮಲ್ಲಿ ಪದ ಸಿದ್ಧವಾಗಿಯೇ ಇದೆ: ಪದವಿಪೂರ್ವ. ಪಿಯುಸಿ ಓದಿಸಿದ ಯಾವ ಮನೆಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. "ಉನ್ನತವಲ್ಲದ ಶಿಕ್ಷಣ" ಅಂದರೆ ಕೀಳು ಶಿಕ್ಷಣ ಅಂದಂತೆ ಕೇಳುತ್ತದೆ, ದಯವಿಟ್ಟು ಅದು ಬೇಡ. ಒಂದು ಎಚ್ಚರಿಕೆ ಮಾತ್ರ ಬೇಕು. ಡಿಪ್ಲೊಮಾ ಎಂಬ ಹೆಸರು ಎರಡೂ ಕಡೆ ಇದೆ. ಬ್ರಿಟನ್ನಿನಲ್ಲಿ ಕಸುಬಿನ ಓದಾದ ಬಿಟೆಕ್ (BTEC) ಲೆವೆಲ್ 3 ಡಿಪ್ಲೊಮಾ ಪದವಿಪೂರ್ವದ್ದು, ಹೈಯರ್ ನ್ಯಾಷನಲ್ ಡಿಪ್ಲೊಮಾ ಅದರಾಚೆಯದು. ಅಂದಹಾಗೆ ಈ ಬಿಟೆಕ್ಕಿಗೂ ನಮ್ಮ ಎಂಜಿನಿಯರಿಂಗ್ ಬಿ.ಟೆಕ್‌ಗೂ ಸಂಬಂಧವಿಲ್ಲ. ಇದನ್ನು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಹಾಕುತ್ತೇನೆ.

"ಫುಲ್ ಟೈಮ್" ಎಂಬುದಕ್ಕೆ "ಪೂರ್ಣಾವಧಿ" ಅಂತ ಬರೆದರೆ ಬೆಳಗ್ಗೆಯಿಂದ ಸಂಜೆವರೆಗೆ ತರಗತಿ ಇರಬೇಕು ಅಂತ ಜನ ತಿಳಿಯುತ್ತಾರೆ. ನಿಯಮದಲ್ಲಿರುವುದು ವಾರಕ್ಕೆ ಸರಾಸರಿ 12 ಗಂಟೆಗಿಂತ ಜಾಸ್ತಿ ಪಾಠ, ಇಲ್ಲವೇ ಕೋರ್ಸಿಗೆ ಸೇರಿದ ಕೆಲಸದ ಅನುಭವ. ಊಟದ ಬಿಡುವು, ಹೋಂವರ್ಕ್ ಇದರಲ್ಲಿ ಸೇರುವುದಿಲ್ಲ. ಇಲ್ಲಿ ಪದ ಹುಡುಕುವುದಕ್ಕಿಂತ ಗಂಟೆಯನ್ನೇ ಬರೆಯುವುದು ಒಳ್ಳೆಯದು ಅನ್ನಿಸುತ್ತದೆ.

ಇನ್ನು "ಕ್ವಾಲಿಫೈಯಿಂಗ್ ಯಂಗ್ ಪರ್ಸನ್". ಕಾನೂನಿನಲ್ಲಿ 16ರವರೆಗೆ "ಚೈಲ್ಡ್", ಆಮೇಲೆ 20 ತುಂಬುವವರೆಗೆ ಈ ಹೆಸರು. ಕೋರ್ಸಿಗೆ 19 ತುಂಬುವ ಮೊದಲೇ ಸೇರಿರಬೇಕು, ಇಲ್ಲವೇ ಸೀಟು ಒಪ್ಪಿಕೊಂಡಿರಬೇಕು. "ಅರ್ಹ ಯುವಜನ" ಅಂದುಕೊಂಡಿದ್ದೆ. ಆದರೆ ಕರ್ನಾಟಕದಲ್ಲಿ ಈಗ "ಯುವ" ಅಂದ ತಕ್ಷಣ ಯುವನಿಧಿ ನೆನಪಾಗುತ್ತದೆ, ಅದು ಡಿಗ್ರಿ, ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದವರ ಕೈಗೆ ಬರುವ ಹಣ. ಇದು ಇನ್ನೂ ಓದುತ್ತಿರುವವರ ತಂದೆತಾಯಿಗೆ ಬರುವ ಹಣ. "ಮಗು" ಅಂದರೆ 18ರ ಹುಡುಗನಿಗೆ ಒಪ್ಪುವುದಿಲ್ಲ, ಆದರೆ "ಮಕ್ಕಳು" ಅಂದರೆ ಯಾವ ವಯಸ್ಸಿಗೂ ಸರಿಹೋಗುತ್ತದೆ ಅಲ್ವಾ? "ಓದಿನಲ್ಲಿರುವ ಹರೆಯದ ಮಕ್ಕಳು" ಹೇಗಿದೆ? ಕೊರತೆಯೊಂದಿದೆ: ತರಬೇತಿಯಲ್ಲಿರುವವರೂ ಇದರಲ್ಲಿ ಸೇರುತ್ತಾರೆ. ಆದರೆ ಎಲ್ಲ ತರಬೇತಿಯೂ ಅಲ್ಲ. ಕಂಪನಿ ಸಂಬಳ ಕೊಟ್ಟು ಕಲಿಸುವ ಇಂಗ್ಲೆಂಡಿನ ಅಪ್ರೆಂಟಿಸ್‌ಶಿಪ್ ಇದಕ್ಕೆ ಬರುವುದಿಲ್ಲ. ಐಟಿಐ ಹುಡುಗರನ್ನು ನೋಡಿರುವ ನಮಗೆ ತರಬೇತಿ ಅಂದರೆ ಮೊದಲು ಹೊಳೆಯುವುದೇ ಅಪ್ರೆಂಟಿಸ್, ಹಾಗಾಗಿ "ಕೆಲಸದ ಕರಾರಿಲ್ಲದ ತರಬೇತಿ" ಎಂದು ಬರೆಯಬೇಕಾಗಬಹುದು.

"ಟ್ಯಾಕ್ಸ್ ಕ್ರೆಡಿಟ್" ಬಗ್ಗೆಯೂ ಒಂದು ಮಾತು. 2003ರಲ್ಲಿ ಶುರುವಾದ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಮಕ್ಕಳಿರುವ ಕಡಿಮೆ ವರಮಾನದ ಮನೆಗಳಿಗೆ ಬರುತ್ತಿದ್ದ ಇನ್ನೊಂದು ಹಣ, 2025ರ ಏಪ್ರಿಲ್ 5ಕ್ಕೆ ಮುಗಿದಿದೆ. ಆದರೆ ಆಗ ಹೆಚ್ಚು ಪಾವತಿಯಾಗಿದ್ದನ್ನು ವಾಪಸ್ ಕೇಳುವ ಪತ್ರಗಳು ನಿಂತಿಲ್ಲ, ಅದಕ್ಕೇ ಪದ ಬೇಕು. "ತೆರಿಗೆ ರಿಯಾಯಿತಿ" ಅಂದರೆ ತೆರಿಗೆ ಕಟ್ಟುವವರಿಗೆ ಮಾತ್ರ ಅನ್ನಿಸುತ್ತದೆ, ತೆರಿಗೆಯೇ ಕಟ್ಟದ ಮನೆಗಳಿಗೂ ಈ ಹಣ ಬರುತ್ತಿತ್ತು. "ತೆರಿಗೆ ಜಮೆ" ಅಂದರೆ ಹೇಗೆ? ಖಾತೆಗೆ ಹಣ ಬಂತು ಎಂಬ ಅರ್ಥ ಅದರಲ್ಲಿದೆ.

ಇಂದು ಹೆಚ್ಚಿನವರಿಗೆ ಸಂಬಂಧಿಸಿದ್ದು ಚೈಲ್ಡ್ ಬೆನಿಫಿಟ್, ಅದನ್ನು "ಮಕ್ಕಳ ಭತ್ಯೆ" ಎಂದಿದ್ದೇನೆ. 2025–26ರಲ್ಲಿ ಮೊದಲ ಮಗುವಿಗೆ ವಾರಕ್ಕೆ 26.05 ಪೌಂಡ್, ವರ್ಷಕ್ಕೆ 1,350 ಪೌಂಡಿಗೂ ಮೇಲಾಯಿತು. 16 ತುಂಬುವ ಶಾಲಾ ವರ್ಷದಲ್ಲಿ ಮನೆಗೆ ಪತ್ರ ಬರುತ್ತದೆ. ಓದು ಮುಂದುವರಿದಿದೆ ಅಂತ ತಿಳಿಸದಿದ್ದರೆ 16 ತುಂಬಿದ ಮೇಲೆ ಬರುವ ಆಗಸ್ಟ್ 31ಕ್ಕೆ ಭತ್ಯೆ ನಿಲ್ಲುತ್ತದೆ. ಪದ ಅರ್ಥವಾಗದೆ ಪತ್ರ ಪಕ್ಕಕ್ಕಿಟ್ಟರೆ ಸುಮ್ನೆ ಹಣ ಹೋಗುತ್ತದೆ. ಕಡಿಮೆ ವರಮಾನದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಕೊನೆಯ ಗೆರೆ ಬೇರೆ: 19 ತುಂಬಿದ ಮೇಲೆ ಬರುವ ಆಗಸ್ಟ್ 31. ವೀಸಾದಲ್ಲಿ "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್" ಎಂದಿರುವವರು ಇದ್ಯಾವುದಕ್ಕೂ ಸಾಮಾನ್ಯವಾಗಿ ಅರ್ಜಿ ಹಾಕುವ ಹಾಗಿಲ್ಲ. ಕೆಲಸದ ವೀಸಾದಲ್ಲಿ ಹೋದ ನಮ್ಮವರಲ್ಲಿ ಬಹಳ ಮಂದಿ ಹೀಗೇ ಇದ್ದಾರೆ. ಈ ಸಾಲಿಗೆ "ಸರ್ಕಾರಿ ನೆರವು ಪಡೆಯುವಂತಿಲ್ಲ" ಅಂತ ಬರೆದೆ. ಆದರೆ ಸರ್ಕಾರಿ ಶಾಲೆ ಇದರಲ್ಲಿ ಸೇರುವುದಿಲ್ಲ, ವೀಸಾ ಹೀಗಿದ್ದರೂ ಮಕ್ಕಳು ಅಲ್ಲಿ ಓದಬಹುದು. "ನೆರವು" ಅಂದರೆ ಶಾಲೆಯೂ ಸೇರಿಬಿಟ್ಟು ಜನ ಹೆದರುತ್ತಾರೇನೋ ಎಂಬ ಆತಂಕ ನನಗಿದೆ. "ಸರ್ಕಾರಿ ಭತ್ಯೆ" ಅಂದರೆ ಸಾಕಾದೀತೇ?

ಪಿಯು ಕಾಲೇಜಿನಲ್ಲಿ ಪಾಠ ಮಾಡುವವರು, ಬ್ಯಾಂಕು, ತೆರಿಗೆ ಕಚೇರಿಗಳಲ್ಲಿ ಕನ್ನಡ ಬಳಸುವವರು ಈ ಬಳಗದಲ್ಲಿದ್ದೀರಿ. "ಪದವಿಪೂರ್ವ" ಮತ್ತು "ಜಮೆ" ಬಗ್ಗೆ ನಿಮ್ಮ ಅಭಿಪ್ರಾಯ ಮೊದಲು ಬೇಕು. ಬ್ರಿಟನ್ನಿನಲ್ಲಿರುವವರು ಮನೆಯಲ್ಲಿ ಈ ಹಣಕ್ಕೆ ಏನಂತ ಕರೆಯುತ್ತೀರಿ, ಅದನ್ನೂ ತಿಳಿಸಿ. ಜನ ಆಗಲೇ ಆಡುತ್ತಿರುವ ಪದವಿದ್ದರೆ ನನ್ನ ಪದಗಳನ್ನು ಬಿಟ್ಟು ಅದನ್ನೇ ಹಾಕುತ್ತೇನೆ.