20 ವರ್ಷಕ್ಕೆ ಪಿಎಂಆರ್ ತಗೊಂಡರೆ ಪಿಂಚಣಿಯಲ್ಲಿ ನಿಜಕ್ಕೂ ಕೈತಪ್ಪುವುದೇನು?

ಪ್ರಶ್ನೆ – ಹಸಿರುಬೆಟ್ಟ
ಭೂಸೇನೆಯ ಲೆಫ್ಟಿನೆಂಟ್ ಕರ್ನಲ್ ಒಬ್ಬರಿಗೆ ಕಮಿಷನ್ (ಅಧಿಕಾರಿಯಾಗಿ ನೇಮಕ) ಆಗಿ 19 ವರ್ಷ 4 ತಿಂಗಳು. ಅವಧಿಗೆ ಮೊದಲೇ ನಿವೃತ್ತಿ, ಅಂದರೆ ಪಿಎಂಆರ್, ತಗೊಂಡರೆ ಪೂರ್ತಿ ಪಿಂಚಣಿ ಸಿಗುತ್ತಾ? 54ನೇ ವಯಸ್ಸಿನವರೆಗೆ ಇದ್ದು ಹೊರಬಂದರೆ ಎಷ್ಟು ವ್ಯತ್ಯಾಸ? ಎನ್‌ಡಿಎ, ಐಎಂಎ ಸೇನಾ ಅಕಾಡೆಮಿಗಳ ತರಬೇತಿ ಕಾಲ ಸೇವೆಗೆ ಸೇರುತ್ತಾ? ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗ ಮಾರಿ ಒಟ್ಟಿಗೆ ಹಣ ಪಡೆಯುವುದು) ಲೆಕ್ಕವನ್ನೂ ಬಿಡಿಸಿ ಹೇಳಿದರೆ ಉಪಕಾರ.

ಉತ್ತರ 1 – ಲೆಕ್ಕದಪುಸ್ತಕ
ಮೊದಲು ತರಬೇತಿಯ ಪ್ರಶ್ನೆ: ಅಕಾಡೆಮಿಯ ತರಬೇತಿ ಸೇರುವುದಿಲ್ಲ, ಕಮಿಷನ್ ದಿನಾಂಕದಿಂದಲೇ ಎಣಿಕೆ. ಅಧಿಕಾರಿಗಳಿಗೆ ಪಿಂಚಣಿ ಬೇಕೆಂದರೆ ಕನಿಷ್ಠ 20 ವರ್ಷ ಅರ್ಹ ಸೇವೆ, ತಡವಾಗಿ ಸೇರಿದವರಿಗೆ 15. 20 ತುಂಬುವ ಮೊದಲು ಬಿಡುಗಡೆ ದಿನಾಂಕ ಬೀಳದಂತೆ ನೋಡಿಕೊಳ್ಳಲಿ. ನಾಲ್ಕಾರು ವಾರದ ಕೊರತೆ ಇದ್ದರೂ ಸ್ವಂತ ಇಚ್ಛೆಯಿಂದ ಹೊರಟವರಿಗೆ ವಿನಾಯಿತಿ ಸಿಗುತ್ತದೆ ಅಂತ ನಂಬಿ ಕೂರಬಾರದು.

ನಿವೃತ್ತಿ ವಯಸ್ಸು ಹುದ್ದೆಗೆ ತಕ್ಕಂತೆ. ಕರ್ನಲ್‌ವರೆಗೆ 54, ಬ್ರಿಗೇಡಿಯರ್ 56, ಮೇಜರ್ ಜನರಲ್ 58, ಲೆಫ್ಟಿನೆಂಟ್ ಜನರಲ್ 60. ಸೇನಾ ಮುಖ್ಯಸ್ಥರಿಗೆ 62 ಅಥವಾ ಮೂರು ವರ್ಷ, ಯಾವುದು ಮೊದಲೋ ಅದು. ಇದು ಭೂಸೇನೆಯ ಸಾಮಾನ್ಯ ಶಾಖೆಗಳ ಲೆಕ್ಕ. ಮೆಡಿಕಲ್ ಕೋರ್ ಮತ್ತು ವಾಯುಸೇನೆಯ ಗ್ರೌಂಡ್ ಡ್ಯೂಟಿಯವರಿಗೆ ಬೇರೆ ಇದೆ.

ಇನ್ನು ಪಿಂಚಣಿ. 20 ವರ್ಷಕ್ಕೆ ಬಂದರೂ 32ಕ್ಕೆ ಬಂದರೂ ಶೇ 50ರ ಸೂತ್ರ ಒಂದೇ. 2006ರ ಜನವರಿ 1ರಿಂದ ಪೂರ್ತಿ ಪಿಂಚಣಿಗೆ 33 ವರ್ಷ ಸೇವೆ ಬೇಕೆಂಬ ಲೆಕ್ಕ ಹೋಗಿದೆ. ಕೊನೆಯ ಮೂಲವೇತನ ಮತ್ತು ಎಂಎಸ್‌ಪಿ (ಸೇನಾ ಸೇವಾ ವೇತನ, ಬ್ರಿಗೇಡಿಯರ್‌ವರೆಗೆ ತಿಂಗಳಿಗೆ 15,500 ರೂ.) ಕೂಡಿಸಿ ಅರ್ಧ, ಅಥವಾ ಕೊನೆಯ 10 ತಿಂಗಳ ಸರಾಸರಿಯ ಅರ್ಧ, ಹೆಚ್ಚಿರುವುದು ಸಿಗುತ್ತದೆ. ಡಿಎ (ತುಟ್ಟಿಭತ್ಯೆ) ಇದಕ್ಕೆ ಸೇರದು. ಸೂತ್ರ ಒಂದೇ ಆದರೂ ಕೂಡಿಸುವ ಮೊತ್ತ ಬೇರೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ವರ್ಷಕ್ಕೆ ಶೇ 3ರ ಇನ್‌ಕ್ರಿಮೆಂಟ್ 12 ವರ್ಷ ಸೇರಿದರೆ ಮೂಲವೇತನ ಶೇ 42ರಷ್ಟು ಏರಿರುತ್ತದೆ. 26 ವರ್ಷಕ್ಕೆ ಸಿಗುವ ಟೈಮ್‌ಸ್ಕೇಲ್ (ಸೇವಾವಧಿಯ ಆಧಾರದ) ಕರ್ನಲ್ ಹುದ್ದೆಯೂ ಕೈತಪ್ಪುತ್ತದೆ.

ಗ್ರಾಚ್ಯುಟಿಯಲ್ಲಿ ಮಾತ್ರ ಹೆಚ್ಚು ನಷ್ಟವಿಲ್ಲ. ಪ್ರತಿ ಆರು ತಿಂಗಳ ಸೇವೆಗೆ ಕಾಲು ತಿಂಗಳ ಸಂಬಳ, ಇಲ್ಲಿ ಡಿಎ ಸೇರುತ್ತದೆ. 20 ವರ್ಷಕ್ಕೆ 10 ತಿಂಗಳ ಸಂಬಳ ಆಯಿತು. ಮೂಲವೇತನ, ಎಂಎಸ್‌ಪಿ ಸೇರಿ 1,60,000, ಡಿಎ ಶೇ 50 ಅಂತ ಹಿಡಿಯಿರಿ: 2,40,000 × 10 = 24 ಲಕ್ಷ. 2024ರ ಜನವರಿಯಿಂದ ಮಿತಿಯೇ 25 ಲಕ್ಷ, ಹಾಗಾಗಿ ಇನ್ನೂ 12 ವರ್ಷ ದುಡಿದವರಿಗೂ ಅದಕ್ಕಿಂತ ಮೇಲೆ ಸಿಗದು.

ಉತ್ತರ 2 – ಒಂಟಿಮರ
ಮೇಲಿನ ಉತ್ತರದಲ್ಲಿ ಬಿಟ್ಟುಹೋದದ್ದೇ ನನ್ನ ಮಟ್ಟಿಗೆ ದೊಡ್ಡ ವಿಷಯ: ಒಆರ್‌ಒಪಿ, ಅಂದರೆ ಒಂದೇ ಹುದ್ದೆಗೆ ಒಂದೇ ಪಿಂಚಣಿ. 2014ರ ಜುಲೈ 1ರ ನಂತರ ಪಿಎಂಆರ್ ತಗೊಂಡವರಿಗೆ ಅದು ಇಲ್ಲ. ಅವಧಿ ಮುಗಿಸಿದವರ ಪಿಂಚಣಿಯನ್ನು ಅದೇ ಹುದ್ದೆ, ಅಷ್ಟೇ ಸೇವೆಯ ಹೊಸ ನಿವೃತ್ತರ ಕನಿಷ್ಠ–ಗರಿಷ್ಠ ಪಿಂಚಣಿಯ ಸರಾಸರಿಗೆ ಐದು ವರ್ಷಕ್ಕೊಮ್ಮೆ ಸರಿಹೊಂದಿಸುತ್ತಾರೆ. 2019, 2024ರ ಜುಲೈನಿಂದ ಅನ್ವಯವಾಗುವಂತೆ ಹೀಗೇ ಆಯಿತು. ಪಿಎಂಆರ್‌ನವರಿಗೆ ತುಟ್ಟಿಭತ್ಯೆ ಮತ್ತು ವೇತನ ಆಯೋಗದ ಪರಿಷ್ಕರಣೆಯೇ ಗತಿ. 42ನೇ ವಯಸ್ಸಿಗೆ ಹೊರಬಂದವರು ಮುಂದಿನ ಮೂವತ್ತು ನಲವತ್ತು ವರ್ಷ ಈ ಅಂತರ ಹೊತ್ತು ಬದುಕಬೇಕು. ಅರ್ಜಿ ಮಂಜೂರಾದ ಮೇಲೆ ಮನಸ್ಸು ಬದಲಾಯಿಸುವುದು ಸುಲಭವಲ್ಲ, ಅದಕ್ಕೆ ಮೊದಲೇ ಕೂತು ಲೆಕ್ಕ ಹಾಕಲಿ.

ಉತ್ತರ 3 – ಲೆಕ್ಕದಪುಸ್ತಕ
ನೀವು ಹೇಳಿದ್ದು ಸರಿ, ಅದನ್ನು ಸೇರಿಸಬೇಕಿತ್ತು. ಕಮ್ಯುಟೇಶನ್ ಬಗ್ಗೆ: ಅಧಿಕಾರಿಗಳು ಪಿಂಚಣಿಯ ಅರ್ಧದವರೆಗೆ ಮಾರಬಹುದು, ನಾಗರಿಕ ನೌಕರರಿಗೆ ಶೇ 40. 54ಕ್ಕೆ ನಿವೃತ್ತರಾದರೆ ಮುಂದಿನ ಹುಟ್ಟುಹಬ್ಬದ ವಯಸ್ಸು 55, ಅದರ ಗುಣಕ 8.627. ಪಿಂಚಣಿ 1,00,000 ಇದ್ದರೆ 50,000 × 12 × 8.627 = 51,76,200 ರೂ. ಕೈಗೆ. ಬದಲಿಗೆ ತಿಂಗಳಿಗೆ 50,000ದಂತೆ 15 ವರ್ಷ ಕಡಿತ, ಒಟ್ಟು 90 ಲಕ್ಷ. ಆಮೇಲೆ ಪಿಂಚಣಿ ಪೂರ್ತಿ ಮರಳುತ್ತದೆ. ತುಟ್ಟಿಭತ್ಯೆ ಮೊದಲಿನಿಂದಲೂ ಪೂರ್ತಿ 1,00,000ದ ಮೇಲೆಯೇ ಬರುತ್ತದೆ. ಕಡಿತದ ನಡುವೆ ಪಿಂಚಣಿದಾರರು ತೀರಿಕೊಂಡರೆ ಕುಟುಂಬ ಪಿಂಚಣಿಗೆ ಕತ್ತರಿ ಬೀಳುವುದಿಲ್ಲ. ಮನೆ ಸಾಲವಿದ್ದರೆ ಮಾರುವುದೇ ಲೇಸು, ಇಲ್ಲದಿದ್ದರೆ ಕಡಿಮೆ ಭಾಗ ಮಾರಬಹುದು. ನಿವೃತ್ತಿಯಾಗಿ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ವೈದ್ಯಕೀಯ ಪರೀಕ್ಷೆ ಬೇಡ.

ಉತ್ತರ 4 – ಮರಳುದಿಬ್ಬ
ಲೆಕ್ಕ ಸರಿಯಿದ್ದೂ ಹಣ ನಿಲ್ಲುವುದು ಕಾಗದಪತ್ರದಲ್ಲಿ. ಮದುವೆ, ಮಕ್ಕಳ ಜನನದ ಪಾರ್ಟ್ ಟೂ ಆರ್ಡರ್ (ಸೇವಾ ದಾಖಲೆಗೆ ಸೇರಿಸುವ ಅಧಿಕೃತ ಆದೇಶ) ಹೊರಟಿದೆಯೇ ಅಂತ ಈಗಲೇ ನೋಡಲಿ. ಹೊರಡದಿದ್ದರೆ ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಹೆಂಡತಿಯ ಹೆಸರೇ ಬರುವುದಿಲ್ಲ, ಮುಂದೆ ಕುಟುಂಬ ಪಿಂಚಣಿಗೆ ಆಕೆ ಅಲೆಯಬೇಕಾಗುತ್ತದೆ. ಸೇವಾ ದಾಖಲೆಯಲ್ಲಿ ‘ಲಕ್ಷ್ಮೀ ದೇವಿ’, ಆಧಾರ್‌ನಲ್ಲಿ ‘ಲಕ್ಷ್ಮಿದೇವಿ’ ಅಂತಿದ್ದರೂ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ ಸ್ಪರ್ಶ್‌ನಲ್ಲಿ ತೊಡಕಾಗಬಹುದು. ಆಧಾರ್, ಪ್ಯಾನ್, ಬ್ಯಾಂಕ್ ಮೂರರಲ್ಲೂ ಒಂದೇ ಕಾಗುಣಿತ ಇರಲಿ, ಖಾತೆ ಹೆಂಡತಿಯೊಂದಿಗೆ ಜಂಟಿಯಾಗಿರಲಿ.

ಬಿಡುಗಡೆಯ ವೈದ್ಯಕೀಯ ಮಂಡಳಿಯನ್ನು ಬರೀ ಸಹಿ ಹಾಕುವ ಶಾಸ್ತ್ರ ಮಾಡಿಕೊಳ್ಳಬಾರದು. ಸೇವೆಯಿಂದ ಬಂದ ಅಥವಾ ಉಲ್ಬಣಿಸಿದ ಊನ ಶೇ 20 ಅಥವಾ ಹೆಚ್ಚು ಅಂತ ದಾಖಲಾದರಷ್ಟೇ ಪಿಂಚಣಿಯ ಅಂಗವೈಕಲ್ಯದ ಭಾಗಕ್ಕೆ ದಾರಿ. ಬೆನ್ನು, ಮಂಡಿ, ಕಿವಿಯ ಹಳೆಯ ಚಿಕಿತ್ಸೆಯ ಚೀಟಿಗಳನ್ನೆಲ್ಲ ಜೊತೆಗೆ ಒಯ್ಯಲಿ.