ಅಪ್‌ಡೇಟ್: ಚಾಕೊಲೇಟ್ ಒಣದ್ರಾಕ್ಷಿ ಸೌರ್‌ಡೋ ಕೊನೆಗೂ ಉಬ್ಬಿತು

ಹೋದ ವಾರ ಕೇಳಿದ್ದೆ ಅಲ್ವಾ, ಸಿಹಿ ಸೌರ್‌ಡೋ ಬ್ರೆಡ್ಡಿಗೆ (ಅಂಗಡಿ ಯೀಸ್ಟ್ ಬದಲು ಹುಳಿ ಬಂದ ಹಿಟ್ಟಿನಿಂದಲೇ ಉಬ್ಬಿಸುವ ಬ್ರೆಡ್ಡು) ಚಾಕೊಲೇಟ್, ಒಣದ್ರಾಕ್ಷಿ ಹಾಕಿದರೆ ಹಿಟ್ಟು ಅಂಟಂಟಾಗಿ ಹರಡಿಕೊಳ್ಳುತ್ತದೆ, ಒಳಗೆ ಹಸಿ ಉಳಿಯುತ್ತದೆ, ಏನು ಮಾಡಲಿ ಅಂತ. ನಿನ್ನೆ ಮತ್ತೆ ಮಾಡಿದೆ. ಈ ಸಲ ಬಂತು!

ತಪ್ಪು ಇದ್ದದ್ದು ನಮ್ಮ ವಿಜಯಪುರದ ಸೆಕೆಯಲ್ಲಿ. ರೆಸಿಪಿಯಲ್ಲಿ ಎಂಟು ತಾಸು ಹೊರಗಿಡಿ ಅಂತ ಇತ್ತು, ನಾನೂ ಸುಮ್ನೆ ಕಣ್ಣು ಮುಚ್ಚಿ ಇಟ್ಟಿದ್ದೆ, ಆದರೆ ಅದು ತಂಪು ಊರಿನ ಅಡುಗೆಮನೆ ಲೆಕ್ಕ, ನಮ್ಮಲ್ಲಿ ಅಷ್ಟೊತ್ತಿಗೆ ಹಿಟ್ಟು ಹುಳಿಯೇರಿ ಕುಸಿದೇ ಹೋಗಿತ್ತು. ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಈ ಸಲ ಗಡಿಯಾರ ಬಿಟ್ಟು ಹಿಟ್ಟು ನೋಡಿದೆ. ಮೂರೂವರೆ ತಾಸಿಗೇ ಒಂದೂವರೆ ಪಟ್ಟು ಆಗಿತ್ತು. ಆಮೇಲೆ ರಾತ್ರಿಯಿಡೀ ಫ್ರಿಜ್ಜು.

ಮೈದಾ 400 ಗ್ರಾಂ, ಗೋಧಿ ಹಿಟ್ಟು 100, ಸ್ಟಾರ್ಟರ್ (ಹಿಟ್ಟು, ನೀರು ಕಲಸಿ ಮೊದಲೇ ಹುಳಿ ಬರಿಸಿಟ್ಟದ್ದು) 100, ನೀರು 310, ಉಪ್ಪು 9. ಬೆಲ್ಲ 40 ಗ್ರಾಂ ಅಷ್ಟೇ, ಜಾಸ್ತಿಯಾದರೆ ಉಬ್ಬುವುದು ನಿಧಾನ. ದ್ರಾಕ್ಷಿ ಇಲ್ಲೇ ತಿಕೋಟಾ ಕಡೆಯದು, ಅರ್ಧ ತಾಸು ನೆನೆಸಿ ಬಟ್ಟೆಯಲ್ಲಿ ಒತ್ತಿ ಒರೆಸಿದೆ. ಹೋದ ಸಲ ನೀರು ಸೋರುತ್ತಿದ್ದ ಹಾಗೇ ಸುರಿದಿದ್ದೆ, ಅಂಟದೆ ಇನ್ನೇನು! ಚಾಕೊಲೇಟ್ ಚೂರನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ಹಾಕಿ, ಇಲ್ಲವಾದರೆ ಕೈ ಬಿಸಿಗೇ ಕರಗಿ ಎಲ್ಲ ರಾಡಿ.

ಹೊರಗೆ ಇಣುಕುತ್ತಿದ್ದ ನಾಲ್ಕೈದು ದ್ರಾಕ್ಷಿ ಮಾತ್ರ ಸುಟ್ಟು ಕಹಿಯಾದವು. ಮುಂದಿನ ಸಲ ಒಳಗೆ ಒತ್ತಿಬಿಡಬೇಕು. ಅವ್ವ "ಇದೇನ ಕೇಕೋ ಬ್ರೆಡ್ಡೋ?" ಅಂತ ಮೂಗು ಮುರಿದರು, ಆಮೇಲೆ ಚಹಾದಲ್ಲಿ ಅದ್ದಿ ಮೂರು ತುಂಡು ತಿಂದರು.